ಪುಟ್ಟರಾಜು ಕಳಿಸದ ಹದಿನಾಲ್ಕು ಕಾಗದಗಳು

ಎರಡನೇ ಶನಿವಾರ ಮಧ್ಯಾಹ್ನ ಒಂದೂವರೆಗೆ ಮಳವಳ್ಳಿಯ ಪುಟ್ಟರಾಜು ಅವರ ಮನೆಯ ಕಂಪ್ಯೂಟರು ಒಂದೇ ಮಾತನ್ನು ಏಳನೆಯ ಸಲ ಹೇಳಿತು: "ಈ ಪ್ರೋಗ್ರಾಂ ಆಗಲೇ ತೆರೆದಿದೆ. ಆದರೆ ಪ್ರತಿಕ್ರಿಯೆ ಇಲ್ಲ. ಹೊಸದಾಗಿ ತೆರೆಯಬೇಕಾದರೆ ಮೊದಲು ಅದನ್ನು ಮುಚ್ಚಿ." ಹೇಳಿದ್ದು ಇಂಗ್ಲಿಷಿನಲ್ಲಿ, ಅಷ್ಟೇ ವ್ಯತ್ಯಾಸ.

ತೆರೆದಿದ್ದರೆ ಕಾಣಬೇಕು. ಕಾಣದೇ ಇರುವುದನ್ನು ಮುಚ್ಚುವುದು ಹೇಗೆ? ಇಪ್ಪತ್ತೆಂಟು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದ ಪುಟ್ಟರಾಜು ಅವರಿಗೇ ಇಂಥದೊಂದು ಉತ್ತರ ಈವರೆಗೆ ಹೊಳೆದಿರಲಿಲ್ಲ. (ಹೊಳೆದಿದ್ದರೆ ಅದೆಷ್ಟು ಅರ್ಜಿದಾರರನ್ನು ಬಾಗಿಲಿನಿಂದಲೇ ಸಾಗಹಾಕಬಹುದಿತ್ತು!)

"ಏನಂತೆ?" ಎಂದರು ಕುರ್ಚಿಯ ಹಿಂದೆ ನಿಂತಿದ್ದ ಹೆಂಡತಿ ವನಜಾ.

"ಆಗ್ಲೇ ತೆಗ್ದದಂತೆ."

"ತೆಗ್ದಿದ್ರೆ ಎಲ್ರೀ ಅದು?"

"ನನ್ ಕೇಳುದ್ರೆ? ಅದ್ನೇ ಕೇಳು."

ವನಜಾ ಗೋಡೆಯ ಗಡಿಯಾರ ನೋಡಿದರು. ಅವರು ಹಲಗೂರಿನ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಮೇಡಂ. ನಲವತ್ತು ಮಕ್ಕಳನ್ನು ಒಂದು ಕಣ್ಣೋಟದಲ್ಲಿ ಸುಮ್ಮನಾಗಿಸುವ ಶಕ್ತಿ ಅವರಿಗಿತ್ತು. ಆ ನೋಟ ಈಗ ಗಡಿಯಾರದಿಂದ ಇಳಿದು ಗಂಡನ ಬೋಳುತಲೆಯ ಮೇಲೆ ನಿಂತಿತು. "ನಾಕ್ ಗಂಟೆ ಒಳಗೆ ಓಗ್ಬೇಕು ಕಣ್ರೀ," ಎಂದರು.

ಹೋಗಬೇಕಾದದ್ದು ಹನ್ನೊಂದು ಹೆಸರಿನ ಒಂದು ಪಟ್ಟಿ. ಮುಂದಿನ ತಿಂಗಳು ಧಾರವಾಡದಲ್ಲಿ ಮಹಿಳೆಯರ ಸೋಬಾನೆ ಹಾಡುಗಳ ಸಮ್ಮೇಳನ. ವನಜಾ ಕಟ್ಟಿದ ತಂಡವನ್ನು ಅಲ್ಲಿಯವರು ಆರಿಸಿದ್ದರು. ಒಂದೇ ಷರತ್ತು: ಅರ್ಜಿ ಹಾಕಿದ್ದ ಈಮೇಲ್ ವಿಳಾಸದಿಂದಲೇ, ಈ ಶನಿವಾರ ಸಂಜೆ ನಾಲ್ಕರೊಳಗೆ, ಬರುವವರ ಹೆಸರು ವಯಸ್ಸು ಕಳಿಸಬೇಕು. ಇಲ್ಲದಿದ್ದರೆ ಸರದಿಯಲ್ಲಿರುವ ಮುಂದಿನ ತಂಡಕ್ಕೆ ಅವಕಾಶ. ಹನ್ನೊಂದು ಹೆಂಗಸರೂ ಆಗಲೇ ಒಂದೇ ಬಣ್ಣದ ಗಿಣಿಹಸಿರು ಸೀರೆ ತಂದು ರವಿಕೆ ಹೊಲಿಸಿಯಾಗಿತ್ತು. ತಂಡದಲ್ಲಿ ಮೊದಲು ದನಿ ಎತ್ತುವವರು ಪುಟ್ಟರಾಜು ಅವರ ತಾಯಿ ಪಟ್ಟಲಮ್ಮ. ಎಪ್ಪತ್ನಾಲ್ಕು ವರ್ಷದ ಆ ತಾಯಿ ರೈಲನ್ನು ಯಲಿಯೂರಿನ ತಂಗಿಯ ಮನೆಯಂಗಳದಲ್ಲಿ ನಿಂತು ನೋಡಿದ್ದೇ ಹೊರತು, ರಾತ್ರಿಯಿಡೀ ಅದರೊಳಗೆ ಮಲಗಿದವರಲ್ಲ. ಈಗ ನಡುಮನೆಯಲ್ಲಿ ಕೂತು ಹೊಸ ಬ್ಯಾಗಿನ ಜಿಪ್ಪನ್ನು ಎಳೆಯುವುದು, ಮುಚ್ಚುವುದು ಮಾಡುತ್ತಿದ್ದರು. ಮನೆಯಲ್ಲಿ ಸರಿಯಾಗಿ ತೆರೆದು ಸರಿಯಾಗಿ ಮುಚ್ಚುತ್ತಿದ್ದದ್ದು ಸದ್ಯಕ್ಕೆ ಅದೊಂದೇ.

ಈ ಕಾಲದಲ್ಲಿ ಮೊಬೈಲಿನಲ್ಲೇ ಈಮೇಲು ಕಳಿಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ಕಳಿಸಬಹುದು, ಪಾಸ್‌ವರ್ಡು ಗೊತ್ತಿದ್ದರೆ. ಎಂಟು ವರ್ಷದ ಹಿಂದೆ ಕಂಪ್ಯೂಟರು ಮಾರಿದ ಅಂಗಡಿಯವನು ಮನೆಗೆಲ್ಲ ಒಂದು ವಿಳಾಸ ಮಾಡಿಕೊಟ್ಟು, ಪಾಸ್‌ವರ್ಡನ್ನು ಯಂತ್ರದೊಳಗೇ ಹೊಕ್ಕಿಸಿ ಹೋಗಿದ್ದ. ಅದನ್ನು ಬರೆದುಕೊಂಡ ಚೀಟಿ ಕಳೆದುಹೋಗಿತ್ತು. ಅದಕ್ಕೆ ಜೋಡಿಸಿದ್ದ ಫೋನ್ ನಂಬರು ಈಗ ಯಾರದೋ ಪಾಲಾಗಿತ್ತು. ಹೀಗಾಗಿ ಪಾಸ್‌ವರ್ಡು ಗೊತ್ತಿದ್ದದ್ದು ಜಗತ್ತಿನಲ್ಲಿ ಒಬ್ಬರಿಗೇ, ಆ ಪ್ರೋಗ್ರಾಮಿಗೆ. ಅದರ ಗುರುತು ಬಾಯಲ್ಲಿ ಲಕೋಟೆ ಕಚ್ಚಿಕೊಂಡ ಒಂದು ಹಕ್ಕಿಯ ಚಿತ್ರ. ಮನೆಯಲ್ಲಿ ಎಲ್ಲರೂ ಅದನ್ನು ಪಾರಿವಾಳ ಎನ್ನುತ್ತಿದ್ದರು.

ಪಾರಿವಾಳದ ಖಾತೆಯ ಮಂತ್ರಿ ಪುಟ್ಟರಾಜು. ವನಜಾ ಹೇಳುವುದು, ಇವರು ಟೈಪು ಮಾಡುವುದು, ಅದು ಆ ಮನೆಯ ಪದ್ಧತಿ. ಬೇರೆ ಯಾರೂ ಮುಟ್ಟುವಂತಿರಲಿಲ್ಲ. "ಸೂಕ್ಷ್ಮ ಯಂತ್ರ ಕಣೇ, ಒಂದು ಕೈ ಅಭ್ಯಾಸ ಆಗಿರ್ತದೆ," ಎಂದು ಅವರು ಗಂಭೀರವಾಗಿ ಹೇಳುತ್ತಿದ್ದರು. ಆದರೆ ಈ ದಿನ ಬೆಳಿಗ್ಗೆ ಅವರು ಸೊಗಡವರೆಕಾಯಿ ತರಲು ಸಂತೆಮಾಳಕ್ಕೆ ಹೋಗಿ ಮಾತಿಗೆ ನಿಂತುಬಿಟ್ಟರು. ಶಾಲೆಗೆ ರಜೆ ಹಾಕಿ ಕಾದು ಬೇಸತ್ತ ವನಜಾ ತಾವೇ ಕೂತು, ಪಟ್ಟಿ ಟೈಪು ಮಾಡಿ, ಕಳಿಸು ಎಂಬಲ್ಲಿ ಒತ್ತಿಯೂಬಿಟ್ಟರು. ಪಟ್ಟಿ ಹೋಗಲಿಲ್ಲ. ಬದಲಿಗೆ ಪಾರಿವಾಳ ಏನೋ ಪ್ರಶ್ನೆ ಕೇಳಿತು. "ರೀ, ಬನ್ನಿ ಇಲ್ಲಿ, ಇದೇನೋ ಕೇಳ್ತಾದೆ. ಹದಿನಾಕು ಅಂತದೆ ಏನೋ," ಎಂದು ಅವರು ಕೂಗುವುದಕ್ಕೂ ಪುಟ್ಟರಾಜು ಚೀಲ ಹಿಡಿದು ಬಾಗಿಲಲ್ಲಿ ಕಾಲಿಡುವುದಕ್ಕೂ ಸರಿಹೋಯಿತು.

ಐವತ್ತಮೂರು ವರ್ಷದ ಆ ಮನುಷ್ಯ ಚಪ್ಪಲಿ ಕಾಲಲ್ಲೇ ನಡುಮನೆ ದಾಟಿ, ಅವರೆಕಾಯಿ ಚೆಲ್ಲಿ, ಗೋಡೆಯ ಸ್ವಿಚ್ಚನ್ನು ಪಟ್ಟನೆ ಆರಿಸಿದರು.

"ಶಾಕ್ ಒಡೀತದೆ!" ಎಂದರು ಏದುಸಿರು ಬಿಡುತ್ತ. ವನಜಾ ತಮ್ಮ ಕೈಯನ್ನು ತಿರುಗಿಸಿ ನೋಡಿಕೊಂಡರು. ಯಾವ ಶಾಕೂ ಹೊಡೆದಿರಲಿಲ್ಲ. ಪಾರಿವಾಳ ಬಾಯಿ ಮುಚ್ಚಿದ್ದು ಆಗಲೇ.

ಈಗ ಆ ಹದಿನಾಲ್ಕರ ಗುಟ್ಟು ಹೇಳಲೇಬೇಕು. ಪುಟ್ಟರಾಜು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುಂಗೋಪಿ. ಆಗಿನ ಹೆಡ್ ಗುಮಾಸ್ತ ಲಿಂಗಯ್ಯನವರು ಅವರನ್ನು ಪಕ್ಕಕ್ಕೆ ಕರೆದು ಒಂದು ವಿದ್ಯೆ ಹೇಳಿಕೊಟ್ಟರು. ಯಾರ ಮೇಲಾದರೂ ಸಿಟ್ಟು ಬಂದರೆ ಬಾಯಿ ಬಿಡಬಾರದು. ಒಂದು ಕಾಗದ ಬರೆಯಬೇಕು. ಹೊಟ್ಟೆಯಲ್ಲಿದ್ದದ್ದೆಲ್ಲ ಬರೆಯಬೇಕು, ಸಹಿ ಹಾಕಬೇಕು, ಲಕೋಟೆಗೆ ಹಾಕಿ ವಿಳಾಸ ಬರೆದು ಗೋಂದು ಹಚ್ಚಬೇಕು. ವಿಳಾಸ ಬರೆಯದಿದ್ದರೆ ಸಿಟ್ಟು ಇಳಿಯುವುದಿಲ್ಲ. ಆಮೇಲೆ ಅದನ್ನು ಮೇಜಿನ ಕೆಳಗಿನ ಡ್ರಾಯರಿಗೆ ಹಾಕಿ, ಬೀಗ ಹಾಕಿ, ಮನೆಗೆ ಹೋಗಿ ಊಟ ಮಾಡಬೇಕು. ಅಂಚೆಗೆ ಮಾತ್ರ ಹಾಕಬಾರದು. ಈ ವಿದ್ಯೆಯ ದೆಸೆಯಿಂದ ಪುಟ್ಟರಾಜು ಇಡೀ ತಾಲ್ಲೂಕಿಗೆ ತಾಳ್ಮೆಯ ಮನುಷ್ಯ ಎನಿಸಿಕೊಂಡರು. ಡ್ರಾಯರು ಏನೆನಿಸಿಕೊಂಡಿತೋ ಯಾರಿಗೂ ಗೊತ್ತಿಲ್ಲ.

ಪಾರಿವಾಳದಲ್ಲಿ 'ಆಮೇಲೆ ಕಳಿಸು' ಎಂಬ ಒಂದು ಗುಂಡಿಯನ್ನು ಕಂಡ ದಿನ ಅವರಿಗೆ ಲಿಂಗಯ್ಯನವರನ್ನೇ ಕಂಡಷ್ಟು ಸಂತೋಷವಾಯಿತು. ಒತ್ತಿದರೆ ಕಾಗದ ಎಲ್ಲಿಗೂ ಹೋಗದೆ ಒಂದು ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ಮೂರು ವರ್ಷದಲ್ಲಿ ಅಲ್ಲಿ ಹದಿನಾಲ್ಕು ಕಾಗದ ಸೇರಿದವು. ನಿವೃತ್ತರಾದ ಒಬ್ಬ ಮೇಲಧಿಕಾರಿಗೆ ಮೂರು, ಎದುರುಮನೆಯ ಬೋರ್‌ವೆಲ್ ಮೋಟಾರಿನ ಸದ್ದಿನ ಬಗ್ಗೆ ಎರಡು, ಹೀಗೆ. ತೊಂದರೆ ಒಂದೇ. ಪ್ರೋಗ್ರಾಮನ್ನು ಮುಚ್ಚಲು ಹೋದಾಗಲೆಲ್ಲ, ಕೆಲವೊಮ್ಮೆ ಹೊಸದನ್ನು ಕಳಿಸುವಾಗಲೂ, ಅದು ನೆನಪು ಮಾಡುತ್ತಿತ್ತು: "ಕಳಿಸದ ಕಾಗದಗಳಿವೆ. ಈಗ ಕಳಿಸಲೇ?" ಎಲ್ಲಿ ಕೈತಪ್ಪಿ ಹೌದು ಎಂದುಬಿಡುತ್ತೇನೋ ಎಂಬ ಭಯಕ್ಕೆ ಪುಟ್ಟರಾಜು ಒಂದು ದಿನವೂ ಅದನ್ನು ಮುಚ್ಚಿದವರಲ್ಲ. ಕೆಲಸ ಮುಗಿದ ಕೂಡಲೇ ಗೋಡೆಯ ಸ್ವಿಚ್ಚು ಆರಿಸಿ ಎದ್ದುಬಿಡುತ್ತಿದ್ದರು.

ಆ ಹದಿನಾಲ್ಕರಲ್ಲಿ ಹನ್ನೊಂದನೆಯದನ್ನು ನೆನೆಸಿಕೊಂಡರೆ ಈಗ ಅವರ ಬೆನ್ನಿನಲ್ಲಿ ಬೆವರಿಳಿಯುತ್ತಿತ್ತು. ಅದು ಹೋಗುವುದಿದ್ದದ್ದು ಧಾರವಾಡದ ಸಮ್ಮೇಳನದವರಿಗೇ. ಎರಡು ತಿಂಗಳ ಹಿಂದೆ, ನಡುಮನೆಯಲ್ಲಿ ಹನ್ನೊಂದು ಹೆಂಗಸರು ಹಸೆಗೆ ಕರೆಯುವ ಹಾಡನ್ನು ಐದನೆಯ ಸಲ ಹಾಡುತ್ತಿದ್ದಾಗ, ಹಸಿದ ಹೊಟ್ಟೆಯಲ್ಲಿ ಕೂತು ಬರೆದದ್ದು. "ಮಾನ್ಯರೇ, ತಮ್ಮ ಸಮ್ಮೇಳನದ ದೆಸೆಯಿಂದ ಈ ಮನೆಯಲ್ಲಿ ಮುದ್ದೆಯು ರಾತ್ರಿ ಒಂಬತ್ತೂವರೆಗೆ ಬೀಳುತ್ತಿದೆ. ಉಪ್ಪುಸಾರು ಆರಿ ತಣ್ಣಗಾಗಿರುತ್ತದೆ. ಮಂಡಿನೋವೆಂದು ನೀರಿನ ತಂಬಿಗೆ ಎತ್ತದ ನನ್ನ ತಾಯಿಯವರು ಹಾಡುವಾಗ ಮಾತ್ರ ಎರಡು ಗಂಟೆ ಕಾಲ ಮಡಚಿ ಕೂರುತ್ತಾರೆ. ಆದಕಾರಣ ಸದರಿ ತಂಡವನ್ನು ಕೈಬಿಟ್ಟು, ಬಡಕುಟುಂಬವೊಂದಕ್ಕೆ ಹೊತ್ತಿಗೆ ಸರಿಯಾಗಿ ಊಟ ದೊರಕಿಸಿಕೊಡಬೇಕಾಗಿ ವಿನಂತಿ." ಬರೆದು, ಪೆಟ್ಟಿಗೆಗೆ ಹಾಕಿ, ಎದ್ದು ಹೋಗಿ ಎರಡು ಮುದ್ದೆ ಉಂಡಿದ್ದರು. ಬೆಳಿಗ್ಗೆಗೆ ಮರೆತೂ ಹೋಗಿತ್ತು. ಲಿಂಗಯ್ಯನವರ ವಿದ್ಯೆ ಅಷ್ಟು ಪರಿಣಾಮಕಾರಿ.

ಪಾರಿವಾಳ ಬಾಯಿ ಬಿಡದಿದ್ದರೆ ವನಜಾರ ಪಟ್ಟಿ ಹೋಗುವುದಿಲ್ಲ. ಬಾಯಿ ಬಿಟ್ಟರೆ ಪಟ್ಟಿಯ ಜೊತೆಗೆ, ಪಟ್ಟಿಗಿಂತ ಮೊದಲು, ಇದೂ ಹೋಗುತ್ತದೆ. ಎರಡರಲ್ಲಿ ಯಾವುದು ನಡೆದರೂ ಅವ್ವನ ಬ್ಯಾಗಿನ ಜಿಪ್ಪು ಮತ್ತೆ ಎಳೆಯುವ ಅಗತ್ಯವೇ ಬೀಳುವುದಿಲ್ಲ.

"ಮಾದೇವುಗೆ ಫೋನ್ ಮಾಡಿವ್ನಿ. ಬತ್ತಾವ್ನೆ," ಎಂದರು ವನಜಾ.

ಪುಟ್ಟರಾಜು ಕೂತಲ್ಲೇ ಒಂದಿಂಚು ಮೇಲೆದ್ದರು. ಮಹದೇವು ವನಜಾರ ತಮ್ಮ, ಮದ್ದೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಹದಿನಾಲ್ಕು ಕಾಗದಗಳಲ್ಲಿ ಮೂರನೆಯದು ಅವನಿಗೇ ಬರೆದದ್ದು.

ಇಪ್ಪತ್ತೈದು ಕಿಲೋಮೀಟರನ್ನು ಬೈಕಿನಲ್ಲಿ ನಲವತ್ತು ನಿಮಿಷಕ್ಕೆ ಮುಗಿಸಿ ಮಹದೇವು ಬಂದ. ಕೈಯಲ್ಲಿ ಬಿಸಿ ಆರದ ಮದ್ದೂರು ವಡೆಯ ಪೊಟ್ಟಣ, ಮುಖದಲ್ಲಿ ನಗು. ಆ ನಗು ನೋಡಿ ಪುಟ್ಟರಾಜು ಕಂಪ್ಯೂಟರಿಗೆ ಅಡ್ಡ ನಿಂತರು.

"ಏನ್ ಬಾವ, ನಿಮ್ ಪಾರಿವಾಳ ಮುನಿಸ್ಕತಂತೆ?"

"ಮೊದ್ಲು ಉಣ್ಣು ಬಾ. ಬಿಸ್ಲಲ್ಲಿ ಬಂದಿದ್ದೀಯ."

"ಊಟ ಎಲ್ ಓಗ್ತದೆ, ಆಮೇಲೆ ಮಾಡುವ."

"ಕಾಪಿನಾರ ಕುಡಿ."

"ರೀ!" ಎಂದರು ವನಜಾ. "ಎರಡೂಮುಕ್ಕಾಲು!"

ಮಹದೇವು ಕೂತ. ಅವನಿಗೆ ಅವಸರ ಎಂಬುದೇ ಗೊತ್ತಿರಲಿಲ್ಲ. ಯಂತ್ರವನ್ನು ಮಗುವಿನ ಹಾಗೆ ಮಾತಾಡಿಸುತ್ತ, ಒಳಗೆ ಏನೇನು ಓಡುತ್ತಿದೆ ಎಂಬ ಪಟ್ಟಿ ತೆರೆದ. "ನೋಡಿ ಬಾವ, ಏಳ್ ಸಲ ಕ್ಲಿಕ್ ಮಾಡಿದ್ದೀರಿ. ಏಳ್ ಪಾರಿವಾಳ ಬಂದು ಕತ್ಲಲ್ಲಿ ಕುಂತವೆ. ಒಂದ್ಕೂ ಬಾಯಿಲ್ಲ." ಒಂದೊಂದನ್ನೇ ಹಿಡಿದು ಹೊರಗೆ ಅಟ್ಟಿದ. ಪ್ರತಿಯೊಂದು ಹೋದಾಗಲೂ ಪುಟ್ಟರಾಜು ಉಸಿರು ಬಿಡುತ್ತಿದ್ದರು. ಮತ್ತೆ ತೆರೆಯಲು ಹೋದರೆ ಮತ್ತೆ ಅದೇ ಮಾತು: ಆಗಲೇ ತೆರೆದಿದೆ, ಮೊದಲು ಮುಚ್ಚಿ.

"ಆಗಕಿಲ್ಲ ಬುಡ್ಲಾ. ಹಳೇ ಯಂತ್ರ. ನಾಳೆ ನಿನ್ ಅಂಗಡಿಗೇ ತಕ್ಕಂಡೋಗು," ಎಂದರು ಪುಟ್ಟರಾಜು, ಸ್ವಲ್ಪ ಹೆಚ್ಚೇ ಉತ್ಸಾಹದಿಂದ.

"ನಾಳೆ ತಕ್ಕಂಡೋಗಿ ಏನ್ ಮಾಡ್ಲಿ, ಮೊಟ್ಟೆ ಇಡುಸ್ಲಾ?" ಮಹದೇವು ಮೂಗಿನ ಮೇಲೆ ಬೆರಳಿಟ್ಟು ಯೋಚಿಸಿದ. "ಇದು ತೆಗ್ದಾಗೆಲ್ಲ ಒಂದ್ ಸಣ್ಣ ಬೀಗದ ಫೈಲು ಮಾಡ್ಕತದೆ ಬಾವ. ಸರ್ಯಾಗಿ ಮುಚ್ಚುದ್ರೆ ಅದ್ನ ತಾನೇ ತಗೀತದೆ. ಮುಚ್ದೆ ಕರೆಂಟ್ ತಗುದ್ರೆ ಬೀಗ ಅಲ್ಲೇ ಉಳ್ಕತದೆ. ಒಳಗ್ ಯಾರೂ ಇಲ್ಲ, ಚಿಲ್ಕ ಮಾತ್ರ ಒಳಗಿಂದ ಆಕದೆ, ಅಂಗಾಗದೆ ಈಗ." ಇನ್ನೂ ಏನನ್ನೋ ತೆರೆದು ನೋಡಿ ಹುಬ್ಬೇರಿಸಿದ. "ಅಲ್ಲ ಬಾವ, ಮೂರ್ ವರ್ಸದಿಂದ ಒಂದ್ ದಿನಾನೂ ಇದ್ನ ಸರ್ಯಾಗಿ ಮುಚ್ಚೇ ಇಲ್ಲ! ದಿನಾ ಗೋಡೆ ಸ್ವಿಚ್ ಆಫ್ ಮಾಡವ್ರೆ. ಇಷ್ಟ್ ದಿನ ಎಂಗೋ ಬೀಗ ಬುಟ್ಕತಿತ್ತು, ಇವತ್ತು ಕಳ್ಸೋ ಒತ್ನಲ್ಲೇ ಕರೆಂಟ್ ಓಗಿ ಕಚ್ಕಂಡದೆ. ಯಾರು?"

ಪುಟ್ಟರಾಜು ಗೋಡೆಯ ಕಡೆ ನೋಡಿದರು. ಗೋಡೆಯ ಪಟದಲ್ಲಿ ಬುದ್ಧ ಅರೆಗಣ್ಣು ಮುಚ್ಚಿ ಕೂತಿದ್ದ. ಆ ಕಡೆಯಿಂದ ಯಾವ ಸಹಾಯವೂ ಬರುವಂತಿರಲಿಲ್ಲ.

"ಅವ್ವ ಇರಬೇಕು," ಎಂದುಬಿಟ್ಟರು ಪುಟ್ಟರಾಜು.

"ಏನಂದೆ?" ಪಟ್ಟಲಮ್ಮ ಬ್ಯಾಗು ಬಿಟ್ಟು ಎದ್ದರು. (ಮಂಡಿನೋವಿನ ಸುಳಿವೂ ಇರಲಿಲ್ಲ.) "ನಾನ್ಯಾಕ್ಲಾ ಮುಟ್ಟಾನ ನಿನ್ ಡಬ್ಬಾನ? ದಿನಾ ಪಟ್ ಅನ್ಸಿ ಎದ್ದೋಯ್ತಿದ್ದೋನು ನೀನು. ಕಣ್ ಕಾಣಕಿಲ್ವಾ ನಂಗೆ?"

"ಅತ್ತೆ ಸುಳ್ಳು ಯೋಳಕಿಲ್ಲ," ಎಂದ ಮಹದೇವು.

"ಕರೆಂಟ್ ಉಳ್ಸುವ ಅಂತ ಮಾಡ್ತಿದ್ದೆ," ಎಂದು ಪುಟ್ಟರಾಜು ಗೊಣಗಿದರು. ಗಡಿಯಾರ ಮೂರೂಕಾಲು ದಾಟಿತ್ತು. ವನಜಾ ಫೋನು ಹಿಡಿದು, ಧಾರವಾಡದವರ ಹತ್ತಿರ ಇನ್ನೊಂದು ಗಂಟೆ ಕಾಲಾವಕಾಶ ಕೇಳಲು ಅಡುಗೆಮನೆಗೆ ಹೋದರು. ಹೋಗುವಾಗ ಸೆರಗಿನಿಂದ ಕಣ್ಣೊತ್ತಿಕೊಂಡದ್ದನ್ನು ಪುಟ್ಟರಾಜು ನೋಡಿದರು.

ಆರು ತಿಂಗಳಿಂದ ಹೆಂಡತಿ ಶಾಲೆ ಮುಗಿಸಿ, ಬಸ್ಸಿನಲ್ಲಿ ನಿಂತು ಬಂದು, ಮುಖ ತೊಳೆದು ಹಾಡಿಗೆ ಕೂತದ್ದನ್ನು ಅವರು ಕಂಡಿದ್ದರು. ಕಂಡೂ ಮುದ್ದೆಯ ಲೆಕ್ಕ ಹಾಕಿದ್ದರು. ತನ್ನಷ್ಟು ಸಣ್ಣ ಮನುಷ್ಯ ಈ ಬೀದಿಯಲ್ಲೇ ಇಲ್ಲ ಎಂದು ಅವರಿಗೆ ಆ ಕ್ಷಣಕ್ಕೆ ನಿಜವಾಗಿಯೂ ಅನ್ನಿಸಿತು.

ಮಹದೇವು ಬೀಗದ ಫೈಲನ್ನು ಹುಡುಕಿ ಅಳಿಸಿದ. ಹಕ್ಕಿಯ ಚಿತ್ರದ ಮೇಲೆ ಒತ್ತಿದ. ಈ ಸಲ ಯಾವ ತಕರಾರೂ ಬರಲಿಲ್ಲ. ಪರದೆಯ ನಡುವೆ ಒಂದು ಚಕ್ರ ಸುತ್ತತೊಡಗಿತು. "ಎದ್ದೇಳ್ತಾದೆ. ಐದ್ ನಿಮ್ಸ ಯಾರೂ ಮುಟ್ಬ್ಯಾಡಿ. ಈಗ ಮುಟ್ಟುದ್ರೆ ಮತ್ತೆ ಮಕ್ಕತದೆ," ಎಂದು ಅವನು ಕೈ ತೊಳೆಯಲು ಹಿತ್ತಿಲಿಗೆ ಹೋದ. ಪಟ್ಟಲಮ್ಮ ಅವನಿಗೆ ನೀರು ಕೊಡಲು ಹಿಂದೆಯೇ ಹೋದರು.

ಪುಟ್ಟರಾಜು ಒಂಟಿಯಾದರು. ಪಾರಿವಾಳ ನಿಧಾನವಾಗಿ ತೆರೆದುಕೊಂಡಿತು. ಕಳಿಸದ ಕಾಗದಗಳ ಪೆಟ್ಟಿಗೆ ಎದುರಿಗೇ ಇತ್ತು: ತಮ್ಮವು ಹದಿನಾಲ್ಕು, ಕೊನೆಯಲ್ಲಿ ವನಜಾರ ಪಟ್ಟಿ, ಹದಿನೈದು. ಹನ್ನೊಂದನೆಯದರ ಮೇಲೆ ಬಾಣ ಇಟ್ಟು ಅಳಿಸುವ ಗುಂಡಿ ಒತ್ತಿದರು. ಚಕ್ರ ಸುತ್ತಿತು. ಕಾಗದ ಅಲ್ಲೇ ಇತ್ತು. ಮತ್ತೆ ಒತ್ತಿದರು. ಮತ್ತೆ, ಮತ್ತೆ. ಮೂರನೆಯದಾದರೂ ಹೋಗಲಿ ಎಂದು ಅದರ ಮೇಲೂ ಒತ್ತಿದರು. ಚಕ್ರ ಸುತ್ತುತ್ತಲೇ ಇತ್ತು. ಪರದೆ ಬೆಳ್ಳಗಾಯಿತು. ಹತ್ತು ನಿಮಿಷ ಹಾಗೇ ಬೆಳ್ಳಗೆ ನಿಂತಿತು. ಆ ಹತ್ತು ನಿಮಿಷದಲ್ಲಿ ಪುಟ್ಟರಾಜು ಬೇಡಿಕೊಳ್ಳದ ದೇವರಿಲ್ಲ. ಮುತ್ತತ್ತಿಯ ಆಂಜನೇಯನಿಗೆ ಒಂದು ಹರಕೆಯನ್ನೂ ಹೊತ್ತರು.

"ಮುಟ್ಟುದ್ರಾ?" ಎಂದ ಮಹದೇವು, ಕೈ ಒರೆಸಿಕೊಳ್ಳುತ್ತ ಬಂದು.

"ನೊಣ ಕುಂತಿತ್ತು. ಓಡುಸ್ದೆ."

"ನೊಣಕ್ಕೆ ಒಳ್ಳೇ ಏಟೇ ಬಿದ್ದಂಗದೆ," ಎಂದು ಅವನು ಕುರ್ಚಿ ಎಳೆದುಕೊಂಡ. ಮೂರೂವರೆ, ಮೂರೂ ನಲವತ್ತು, ಮೂರೂ ಮುಕ್ಕಾಲು. ಅವನು ಏನೇನೋ ಒತ್ತಿ, ಏನನ್ನೋ ನಿಲ್ಲಿಸಿ, ಏನನ್ನೋ ಎಬ್ಬಿಸಿದ. ಅಷ್ಟರಲ್ಲಿ ವನಜಾ ಅಡುಗೆಮನೆಯಿಂದ ಬಂದರು. ಮುಖ ಬಾಡಿತ್ತು. "ನಾಕು ಅಂದ್ರೆ ನಾಕೇ ಅಂತೆ. ಬ್ಯಾರೆ ಅಡ್ರೆಸ್ಸಿಂದ ಬಂದ್ರೂ ಒಪ್ಪಕಿಲ್ವಂತೆ. ಹೋದ್ ವರ್ಸ ಯಾರೋ ಸುಳ್ಳು ಹೆಸ್ರು ಕಳ್ಸಿ ರಂಪ ಆಗಿತ್ತಂತೆ."

ಆ ಮಾತು ಮುಗಿಯುವುದಕ್ಕೂ ಬೆಳ್ಳಗಿದ್ದ ಪರದೆಯ ನಡುವೆ ಒಂದು ಸಣ್ಣ ಚೌಕ ಮೂಡುವುದಕ್ಕೂ ಸರಿಹೋಯಿತು. ಮಹದೇವು ಓದಿದ. "ಕಳಿಸದ ಹದಿನೈದು ಕಾಗದಗಳಿವೆ. ಈಗ ಕಳಿಸಲೇ? ಇದೇ ಬಾವ ರೋಗ! ಅಕ್ಕನ್ ಪಟ್ಟಿ ಇಂದ್ಗಡೆ ಕ್ಯೂನಲ್ಲಿ ನಿಂತದೆ. ಮುಂದ್ಗಡೆ ಹದ್ನಾಕು ಅಡ್ಡ ನಿಂತವೆ. ಏನಿವು?"

"ಕಚೇರಿ ಕಾಗ್ದ."

"ಕಚೇರಿದಾದ್ರೆ ಓಗ್ಲಿ ಬುಡಿ," ಎಂದು ಮಹದೇವು ಹೌದು ಎಂಬುದರ ಕಡೆಗೆ ಬಾಣ ತಂದ.

ಪುಟ್ಟರಾಜು ಅವನ ಮುಂಗೈ ಹಿಡಿದರು.

ಮೂರು ಜೊತೆ ಕಣ್ಣುಗಳು ಅವರ ಕಡೆಗೆ ತಿರುಗಿದವು. "ಬ್ಯಾಡ ಅನ್ನು," ಎಂದರು ಅವರು. "ಬ್ಯಾಡ ಅಂದು, ಪಟ್ಟಿ ಮಾತ್ರ ಕಳ್ಸು."

"ಬ್ಯಾಡ ಅಂದ್ರೆ ಮುಚ್ಕತದೆ ಬಾವ. ಮತ್ತೆ ಏಳೋಕೆ ಅರ್ಧ ಗಂಟೆ ಬೇಕು. ಈಗ ಟೈಮ್ ಎಷ್ಟು?"

"ಮೂರೂ ಐವತ್ತೆರಡು," ಎಂದರು ವನಜಾ. "ಕೈ ಬುಡ್ರೀ. ಏನಾಯ್ತು ನಿಮ್ಗೆ?"

"ಒತ್ಲಿ ಬುಡ್ಲಾ ಮಗಾ," ಎಂದರು ಪಟ್ಟಲಮ್ಮ. ಅವರ ಮಡಿಲಲ್ಲಿ ಗಿಣಿಹಸಿರು ಸೀರೆ ಮಡಚಿಟ್ಟಿತ್ತು. "ನಮ್ಗೇನಾರ ಆದ್ರೂ ಆಗ್ಲಿ, ವನಜಿ ಆರ್ ತಿಂಗ್ಳು ಗೇದವ್ಳೆ."

ಪುಟ್ಟರಾಜು ಬಾಯಿ ತೆರೆದರು. ಎಲ್ಲವನ್ನೂ ಹೇಳಿಬಿಡಲು ಹೊರಟರು. ಆದರೆ ಹದಿನಾಲ್ಕು ಕಾಗದ ಬರೆದ ಕೈಗೆ ಇದ್ದ ಧೈರ್ಯ ಬಾಯಿಗೆ ಇರಲಿಲ್ಲ. ಪಟ್ಟಿ ಹೋಗದಿದ್ದರೆ ಅವಕಾಶ ಹೋದದ್ದು ಖಂಡಿತ. ಹೋದರೆ, ಕಾಗದ ಓದಿಯೂ ಅವರ ಮನಸ್ಸಿಗೆ ಕರುಣೆ ಹುಟ್ಟಬಹುದು. ಖಂಡಿತಕ್ಕಿಂತ ಬಹುದು ವಾಸಿ. ಹೆಂಡತಿ ಹೋಗಿಬರಲಿ, ನನ್ನ ಮಾನ ಹಾಳಾಗಲಿ ಎಂದುಕೊಂಡರು. ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಇಷ್ಟು ದೊಡ್ಡ ತೀರ್ಮಾನವನ್ನು ಅವರು ಮೇಲಿನವರ ಆದೇಶವಿಲ್ಲದೆ ಮಾಡಿದ್ದು ಇದೇ ಮೊದಲು.

"ಇದ್ರಲ್ಲಿ ಒಂದು ನಿಂಗೇ ಬರ್ದದ್ದು ಕಣ್ಲಾ," ಎಂದರು ಮಹದೇವುಗೆ. "ಮನ್ಸಿಗೆ ಅಚ್ಕಬ್ಯಾಡ." ಅವನ ಕೈ ಸರಿಸಿ ತಾವೇ ಹೌದು ಎಂಬುದನ್ನು ಒತ್ತಿದರು.

ಹಸಿರು ಗೆರೆಯೊಂದು ಪರದೆಯ ಮೇಲೆ ತೆವಳತೊಡಗಿತು. ಒಂದು. ಎರಡು. ನಿವೃತ್ತ ಮೇಲಧಿಕಾರಿಗಳಿಗೆ ಮೂರು ವರ್ಷದ ಹಿಂದಿನ ಸಿಟ್ಟು ಸಂದಾಯವಾಯಿತು. ಮೂರು. ಮಹದೇವುವಿನ ಜೇಬಿನಲ್ಲಿ ಟಿಣ್ ಎಂದಿತು.

"ಆಮೇಲ್ ನೋಡ್ಲಾ," ಎಂದರು ಪುಟ್ಟರಾಜು.

ಮಹದೇವು ಆಗಲೇ ನೋಡಿದ. ಓದುತ್ತ ಹೋದಂತೆ ಅವನ ನಗು ಇಳಿಯಿತು. ಅತ್ತ ಗೆರೆ ತೆವಳುತ್ತಲೇ ಇತ್ತು. ಏಳು, ಎಂಟು, ಒಂಬತ್ತು. ಹನ್ನೊಂದರಲ್ಲಿ ಒಂದು ಗಳಿಗೆ ನಿಂತಿತು. ಪುಟ್ಟರಾಜು ಕಣ್ಣು ಮುಚ್ಚಿಕೊಂಡರು. ತೆರೆದಾಗ ಹದಿಮೂರಾಗಿತ್ತು. ಮೂರೂ ಐವತ್ತೇಳಕ್ಕೆ ಹದಿನೈದು. "ಓಯ್ತು! ಓಯ್ತು ಕಣತ್ತೆ!" ಎಂದು ವನಜಾ ಪಟ್ಟಲಮ್ಮನನ್ನು ತಬ್ಬಿಕೊಂಡರು.

ಮಹದೇವು ಫೋನಿನಿಂದ ತಲೆಯೆತ್ತಿದ. "ನಾನ್ ಗೃಹಪ್ರವೇಶಕ್ಕೆ ವಾಟ್ಸಪ್ಪಲ್ಲಿ ಕರ್ದೆ, ಊಟಾನೂ ವಾಟ್ಸಪ್ಪಲ್ಲೇ ಬಡ್ಸು ಅಂತ ಬರ್ದಿದ್ದೀರಿ ಬಾವ."

"ಸಿಟ್ಟಲ್ ಬರ್ದಿದ್ದು."

"ಈ ವಡೆ ಪೊಟ್ಣ ವಾಪಸ್ ತಕ್ಕಂಡೋಗಿ ಫೋಟೊ ಕಳುಸ್ಲಾ?" ಎಂದ ಅವನು. ಆಮೇಲೆ ಫೋನನ್ನು ಜೇಬಿಗೆ ಹಾಕಿ, "ಎಲೆ ಅಡ್ಕೆ ಇಕ್ಕಿ ಕರಿಯೋಕೆ ನಾನೇ ಬರ್ಬೇಕಿತ್ತು. ತಪ್ಪು ನಂದೇ. ಬಾಯಲ್ ಬೈದಿದ್ರೆ ಅವತ್ತೇ ಮುಗ್ದೋಗದು," ಎಂದ. ಪುಟ್ಟರಾಜು ನಾಚಿ ವಡೆಯೊಂದನ್ನು ಬಾಯಿಗೆ ಹಾಕಿಕೊಂಡರು. ಮೂರು ವರ್ಷ ಕಾಪಾಡಿದ್ದ ಸಿಟ್ಟು ಅರ್ಧ ನಿಮಿಷವೂ ಬಾಳಲಿಲ್ಲ.

ನಾಲ್ಕೂಕಾಲಿಗೆ ವನಜಾರ ಫೋನು ಮೊಳಗಿತು. ಎಲ್ಲರೂ ಕೇಳಲಿ ಎಂದು ಅವರು ಸ್ಪೀಕರು ಹಾಕಿದರು. ಸಮ್ಮೇಳನದ ಸಂಚಾಲಕಿ.

"ಮೇಡಂ, ನಿಮ್ಮ ಪಟ್ಟಿ ಬಂತು. ಅದಕ್ಕೂ ಮೊದಲು ಇನ್ನೊಂದು ಕಾಗದ ಬಂತು. ಪುಟ್ಟರಾಜು ಅನ್ನೋರು ನಿಮಗೇನಾಗಬೇಕು?"

"ನಮ್ಮೆಜಮಾನ್ರು," ಎಂದರು ವನಜಾ, ಹೆಮ್ಮೆಯಿಂದಲೇ.

"ಹಾಗಾದರೆ ಓದ್ತೀನಿ, ಕೇಳಿ." ಸಂಚಾಲಕಿ ಓದಿದರು. ಮಾನ್ಯರೇ ಎಂಬಲ್ಲಿಂದ ವಿನಂತಿ ಎಂಬಲ್ಲಿಯವರೆಗೆ, ತಣ್ಣಗಾದ ಉಪ್ಪುಸಾರನ್ನೂ ಮಡಚಿದ ಮಂಡಿಯನ್ನೂ ಬಿಡದೆ, ಚೆನ್ನಾಗಿ ಉಚ್ಚಾರ ಮಾಡಿ ಓದಿದರು. ವನಜಾರ ಮುಖ ಕೆಂಪಾಗಿ, ಮತ್ತೆ ಬಿಳಿಚಿತು. ಪುಟ್ಟರಾಜು ನೆಲದ ಮೇಲಿನ ಅವರೆಕಾಯಿ ಆರಿಸತೊಡಗಿದರು.

"ನನ್ ಮಂಡಿ ವಿಸ್ಯ ಧಾರವಾಡಕ್ಕೆ ಬರೆದ್ಯಾ?" ಎಂದು ಪಟ್ಟಲಮ್ಮ ಪಿಸುಗುಟ್ಟಿದರು. ಆ ಪಿಸುಮಾತು ಎದುರುಮನೆಗೂ ಕೇಳಿಸಿತು.

"ಮೇಡಂ, ನಮ್ಮನ್ನ ಕೈಬಿಟ್ರಾ?" ಎಂದರು ವನಜಾ ಕೊನೆಗೆ. ಆ ಪ್ರಶ್ನೆ ಅಷ್ಟು ಸಣ್ಣ ದನಿಯಲ್ಲಿ ಬಂತೆಂದರೆ ಪುಟ್ಟರಾಜು ಅವರ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು.

"ಅಯ್ಯೋ, ಕೈಬಿಡೋದಾ? ಗಂಡಂದಿರಿಂದ ಇಂಥ ಕಾಗದ ಬಂದದ್ದು ಇದು ಒಂಬತ್ತನೇದು. ಮನೆಯಲ್ಲಿ ಊಟ ತಡವಾಗೋಷ್ಟು ಅಭ್ಯಾಸ ಮಾಡಿರೋ ತಂಡ ಅಂದ್ರೆ ನಮಗೆ ಇನ್ನೇನು ಬೇಕು? ನಿಮಗೆ ಹತ್ತು ನಿಮಿಷ ಇತ್ತು, ಅರ್ಧ ಗಂಟೆ ಮಾಡಿದೀವಿ." ವನಜಾ ಗೋಡೆಗೆ ಒರಗಿದರು. "ಆದರೆ ಮೇಡಂ, ನಮಗೆ ಒಂದು ಉಪಕಾರ ಆಗಬೇಕು. ನಿಮ್ಮ ಕಡೆ ತಂಡಗಳಿಗೆ ಮುದ್ದೆ ಬೇಕಂತೆ. ಇಲ್ಲಿ ರೊಟ್ಟಿ ಬಡಿಯೋರಿಗೆ ಮುದ್ದೆ ತೊಳಸೋಕೆ ಬರೋಲ್ಲ. ಮುದ್ದೆ ಹೊತ್ತಿಗೆ ಸರಿಯಾಗಿ ಬೀಳಬೇಕು, ಸಾರು ಬಿಸಿಯಾಗಿರಬೇಕು ಅಂತ ಇಷ್ಟು ಕಾಳಜಿ ಇರೋ ಮನುಷ್ಯರು ನಮಗೆ ಬೇರೆ ಸಿಗೋಲ್ಲ. ಮೂರು ದಿನ ಮುದ್ದೆ ವಿಭಾಗ ನಿಮ್ಮ ಯಜಮಾನರೇ ನೋಡಿಕೊಳ್ಳಲಿ. ಹೊತ್ತಿಗೆ ಇನ್ನೂರು ಮುದ್ದೆ. ಬರ್ತಾರಾ?"

ಪುಟ್ಟರಾಜು ಎದ್ದು ನಿಂತು ಎರಡೂ ಕೈ ಅಲ್ಲಾಡಿಸಿದರು. ಹುಟ್ಟಿದಾಗಿನಿಂದ ಮುದ್ದೆ ಕೋಲನ್ನು ಮುಟ್ಟಿದವರಲ್ಲ ಅವರು. ಕಚೇರಿಯಲ್ಲಿ ರಜೆ ಇಲ್ಲ ಎಂದು ಬಾಯಲ್ಲೇ ಹೇಳಿ ತೋರಿಸಿದರು, ಸೊಂಟ ಹಿಡಿದು ತೋರಿಸಿದರು.

ವನಜಾ ಗಂಡನನ್ನೇ ನೋಡುತ್ತ ಹೇಳಿದರು, "ಬತ್ತಾರೆ ಮೇಡಂ. ಬರ್ಕಳಿ."

"ಹಾಗೆ ಬರ್ಕೊಳೋಕೆ ಆಗೋಲ್ಲ. ಅವರ ಹೆಸರು, ವಯಸ್ಸು ಇದೇ ವಿಳಾಸದಿಂದ ಐದರೊಳಗೆ ಕಳಿಸಿಬಿಡಿ."

ಪುಟ್ಟರಾಜು ಅವರಿಗೆ ಹೋದ ಜೀವ ಬಂದಂತಾಯಿತು. ಅರ್ಧ ದಿನ ಎಳೆದಾಡಿಸಿದ ಯಂತ್ರ. ಏಳು ಸಲ ಒತ್ತಿದರೂ ಜಗ್ಗದ್ದು. ಮಹದೇವು ಹದಿನೈದು ಕಾಗದ ಹೋದದ್ದೇ ಅದನ್ನು ಸರಿಯಾಗಿ ಮುಚ್ಚಿಬಿಟ್ಟಿದ್ದ. ಇನ್ನು ಐದರೊಳಗೆ ಅದು ತೆರೆಯುವುದುಂಟೆ? "ಪಾಪ, ಅದ್ಕೂ ಸುಸ್ತಾಗಿರ್ತದೆ," ಎಂದು ಅವರು ನಯವಾಗಿ ಹೇಳಿ, ಕಣ್ಣು ಮುಚ್ಚಿ ಆಂಜನೇಯನಿಗೆ ಎರಡನೆಯ ಹರಕೆ ಹೊತ್ತರು.

ವನಜಾ ಕುರ್ಚಿಯಲ್ಲಿ ಕೂತು ಹಕ್ಕಿಯ ಚಿತ್ರದ ಮೇಲೆ ಒಮ್ಮೆ ಒತ್ತಿದರು. ಪುಟ್ಟರಾಜು ಹರಕೆ ಮುಗಿಸಿ ಕಣ್ಣು ತೆರೆಯುವಷ್ಟರಲ್ಲಿ ಅದು ತೆರೆದುಕೊಂಡು, ಹೆಸರು ನುಂಗಿ, ಕಳಿಸಿ, ತನ್ನಷ್ಟಕ್ಕೆ ಮುಚ್ಚಿಕೊಂಡೂ ಆಗಿತ್ತು.